ಸಿಂಕ್ ಮುಟ್ಟಬಾರದವರು

ಲಂಡನ್ನಿನ ಕೆಂಟನ್ ಬಡಾವಣೆಯ ಆ ಮನೆಯಲ್ಲಿ ಸುಶೀಲಾಬಾಯಿ ಬಾಳೆಹಣ್ಣು ತಿನ್ನಲು ಶುರುಮಾಡಿ ಆರು ದಿನವಾಗಿತ್ತು. ಬಾಳೆಹಣ್ಣು, ಹಾಲು, ಹಾಲಿನಲ್ಲಿ ನೆನೆಸಿದ ಅವಲಕ್ಕಿ. ಬೇಸರವಾದರೆ ಅವಲಕ್ಕಿ ಇಲ್ಲದ ಹಾಲು. ಇದನ್ನು ಉಪವಾಸ ಎಂದು ಯಾರೂ ಕರೆಯಲಿಲ್ಲ. ಕರೆದರೆ ಅದು ಜಗಳವಾಗುತ್ತಿತ್ತು. ಆ ಮನೆಯವರು ಓದಿದವರು, ಜಗಳ ಆಡುವವರಲ್ಲ.

ಸುಶೀಲಾಬಾಯಿ ಧಾರವಾಡದಿಂದ ಸೊಸೆಯ ಬಾಣಂತನಕ್ಕೆಂದು ಬಂದವರು. ಅದು ೧೯೯೭ರ ಬೇಸಿಗೆ. ಸೊಸೆ ವೈದೇಹಿ ಮೈಸೂರಿನವಳು, ಏಳು ತಿಂಗಳ ಬಸುರಿ, ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಾಣುಗಳ ಡಾಕ್ಟರು. ರೋಗಾಣುಗಳನ್ನು ಬೆಳೆಸಿ, ಗುರುತು ಹಿಡಿದು, ಯಾವುದು ಯಾವ ಔಷಧಕ್ಕೆ ಸಾಯುತ್ತದೆಂದು ಬರೆದುಕೊಡುವುದು ಅವಳ ಕೆಲಸ. ಹಾಗಾಗಿ ಅಡುಗೆಮನೆಯ ಶುದ್ಧಿಯ ವಿಷಯದಲ್ಲಿ ತನ್ನದೇ ಕೊನೆಯ ಮಾತು ಎಂದು ಅವಳು ನಂಬಿದ್ದಳು. ಅತ್ತೆ ತಮ್ಮ ಬಗ್ಗೆ ಅದನ್ನೇ ನಂಬಿದ್ದರು. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಅತ್ತೆಯದು ಮುಸುರೆಯ ಶಾಸ್ತ್ರ. ಅನ್ನದ ಪಾತ್ರೆ ಇಟ್ಟ ಜಾಗ ಮುಸುರೆ. ನೀರು ಹಾಕಿ ಒರೆಸುವ ತನಕ ಅಲ್ಲಿ ಹಾಲು ಮೊಸರು ಇಡುವಂತಿಲ್ಲ. ಸೊಸೆಯದು ಬಾಟಲಿಯ ಶಾಸ್ತ್ರ. ಮೊದಲು ಸೋಪು, ಆಮೇಲೆ ಅಳತೆಗೆ ನೀರು ಬೆರೆಸಿದ ಬ್ಲೀಚು, ಹತ್ತು ನಿಮಿಷ ಕಾಯುವುದು, ತೊಳೆಯುವುದು. ಅಷ್ಟು ಹೊತ್ತೂ ಕಿಟಕಿ ತೆರೆದಿರಬೇಕು. ಒಂದು ತಿಂಗಳು ಎರಡು ಶಾಸ್ತ್ರಗಳೂ ಒಂದೇ ಕೌಂಟರಿನ ಮೇಲೆ ಹೇಗೋ ಸಂಸಾರ ಮಾಡಿದವು.

ಕೆಟ್ಟದ್ದು ದ್ವಾದಶಿಯ ದಿನ. ವೈದೇಹಿ ಸಿಂಕಿಗೆ ಬ್ಲೀಚು ಹಾಕಿ, ಹತ್ತು ನಿಮಿಷ ಕಾಯಲೆಂದು ಹೋಗಿ ಸೋಫಾದ ಮೇಲೆ ಕೂತಳು. ಸುಶೀಲಾಬಾಯಿ ದೇವರ ತಾಮ್ರದ ತಂಬಿಗೆಯನ್ನೂ ಹಿತ್ತಾಳೆ ದೀಪಗಳನ್ನೂ ತಂದು ಅದೇ ಸಿಂಕಿನಲ್ಲಿಟ್ಟು, ಒಂದು ಹಿಡಿ ಹುಣಸೆಹಣ್ಣು ಕಿವುಚಿದರು. ಬ್ಲೀಚಿಗೆ ಹುಳಿ ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತದೆಂದು ಧಾರವಾಡದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ, ಅವರ ಬಚ್ಚಲಿಗೆ ಬ್ಲೀಚು ಕಾಲಿಟ್ಟಿರಲಿಲ್ಲ. ಎರಡು ನಿಮಿಷದಲ್ಲಿ ಅತ್ತೆ ಸೊಸೆ ಇಬ್ಬರೂ ಕಣ್ಣು ಮೂಗು ಸುರಿಸುತ್ತ, ಕೆಮ್ಮುತ್ತ ಹೊರಗಿನ ಫುಟ್‌ಪಾತಿನಲ್ಲಿ ನಿಂತಿದ್ದರು. ಎದುರು ಮನೆಯ ಗುಜರಾತಿ ಯಜಮಾನರು ಪರದೆ ಸರಿಸಿ ನೋಡಿ, ಮತ್ತೆ ಪರದೆ ಎಳೆದುಕೊಂಡರು.

ಯಾರಿಗೂ ಏನೂ ಆಗಲಿಲ್ಲ. ಹೊಟ್ಟೆಯೊಳಗಿನ ಮಗು ಎಂದಿನಂತೆ ಒದೆಯುತ್ತಿತ್ತು. ಆದರೆ ವೈದೇಹಿ ಹೆದರಿದ್ದಳು, ಹೆದರಿದವರ ಮಾತು ನೆಟ್ಟಗಿರುವುದಿಲ್ಲ.

"ಇನ್ಮೇಲೆ ನೀವು ಸಿಂಕ್ ಮುಟ್ಟಬೇಡಿ ಅತ್ತೆ," ಅಂದಳು.

"ಆತವಾ," ಅಂದರು ಸುಶೀಲಾಬಾಯಿ.

ಆ "ಆತವಾ" ಎಷ್ಟು ದುಬಾರಿಯಾದೀತೆಂದು ವೈದೇಹಿಗೆ ಗೊತ್ತಾದದ್ದು ಮಧ್ಯಾಹ್ನದ ಊಟಕ್ಕೆ. ಮಡಿಯಲ್ಲಿ ತೊಳೆದ ಪಾತ್ರೆಯಲ್ಲಿ ತಾವೇ ಮಾಡಿದ ಅಡುಗೆಯನ್ನಷ್ಟೇ ಅತ್ತೆ ಉಣ್ಣುವುದು. ಆ ಮನೆಯಲ್ಲಿ ಮಡಿ ಎಂದರೆ ಅವರೊಬ್ಬರೇ. ಸಿಂಕಿಲ್ಲದೆ ಪಾತ್ರೆಯಿಲ್ಲ, ಪಾತ್ರೆಯಿಲ್ಲದೆ ಅನ್ನವಿಲ್ಲ. ಮಗ ಚಂದ್ರಶೇಖರ್ ಮೂಳೆಯ ಸರ್ಜನ್, ಮುರಿದದ್ದನ್ನು ಕೂಡಿಸುವುದರಲ್ಲಿ ಹೆಸರಾದವನು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದುಕೊಂಡು ಅವನು ದಿನಾ ಸಂಜೆ ಬಾಳೆಹಣ್ಣು ತರುತ್ತಿದ್ದ.

ನಾಲ್ಕನೆಯ ದಿನ ವೈದೇಹಿ ಹತ್ತಿ ಸುತ್ತಿದ ಕಡ್ಡಿಗಳನ್ನು ಆಸ್ಪತ್ರೆಯಿಂದ ತಂದು ಅಡುಗೆಮನೆಯಲ್ಲಿ ಮೂರು ಕಡೆ ಉಜ್ಜಿದಳು. ಅತ್ತೆಯ ಒರೆಸುವ ಬಟ್ಟೆ, ಕೌಂಟರಿನಲ್ಲಿ ಅತ್ತೆಯ ಭಾಗ, ತನ್ನ ಹಳದಿ ಸ್ಪಂಜು. ಅತ್ತೆಯ ಶುದ್ಧಿ ಎಷ್ಟು ಶುದ್ಧಿ ಎಂದು ತೋರಿಸಿಬಿಟ್ಟರೆ ಅವರು ಹಟ ಬಿಟ್ಟು ತಾನು ಮಾಡಿದ ಅಡುಗೆ ಉಂಡಾರು ಎಂಬುದು ಅವಳ ಲೆಕ್ಕ. ಆರನೆಯ ದಿನ ಬೆಳಿಗ್ಗೆ ಮೆಟ್ಟಿಲು ಹತ್ತುತ್ತಿದ್ದ ಅತ್ತೆ ನಡುವೆ ಗೋಡೆ ಹಿಡಿದು ಕಣ್ಣು ಮುಚ್ಚಿ ನಿಂತದ್ದನ್ನು ಅವಳು ಕಂಡಳು. ಅತ್ತೆ ಇವತ್ತು ಉಣ್ಣಲೇಬೇಕು.

ಆ ಮಧ್ಯಾಹ್ನ ಲ್ಯಾಬಿನಲ್ಲಿ, ಆ ಕಡ್ಡಿಗಳನ್ನು ಎಳೆದಿದ್ದ ಪ್ಲೇಟುಗಳಲ್ಲಿ ರೋಗಾಣುಗಳ ಬೆಳೆ ಬಂದಿತ್ತು. ಅತ್ತೆಯ ಬಟ್ಟೆ ಹೊಲಸು, ಅದು ನಿರೀಕ್ಷಿಸಿದ್ದೇ. ಅತ್ತೆ ಬಿಸಿನೀರಿನಿಂದ ತೊಳೆದು ಒಣಗಿಸುತ್ತಿದ್ದ ಕೌಂಟರಿನ ಭಾಗ ಹೆಚ್ಚುಕಮ್ಮಿ ಖಾಲಿ. ವೈದೇಹಿಯ ಸ್ಪಂಜಿನ ಪ್ಲೇಟಿನಲ್ಲಿ ಮಾತ್ರ ಸಾಸಿವೆ ಕಾಳು ಇಡಲೂ ಜಾಗವಿರಲಿಲ್ಲ. ವಾರಗಟ್ಟಲೆ ಒದ್ದೆಯಾಗಿಯೇ ಇದ್ದ ಸ್ಪಂಜು. ಬೇರೆಯವರದಾಗಿದ್ದರೆ ಅವಳೇ ಬಯ್ಯುತ್ತಿದ್ದಳು. ಟ್ಯೂಬ್ ರೈಲಿನಲ್ಲಿ ಮನೆಗೆ ಬರುವಾಗ ಬಟ್ಟೆಯ, ಸ್ಪಂಜಿನ ಹೆಸರುಗಳನ್ನು ಅದಲು ಬದಲು ಮಾಡಿ ಹೇಳಿದರೇನು ಎಂದು ಯೋಚಿಸಿದಳು. ಪ್ಲೇಟುಗಳನ್ನು ಮನೆಗೆ ತರುವಂತಿಲ್ಲ, ಕೇಳುವವರೂ ಇಲ್ಲ. ಯೋಚಿಸಿದ್ದಕ್ಕೆ ನಾಚಿಕೆಯಾಯಿತು.

ಮನೆಗೆ ಬಂದವಳೇ ನಿಂತಲ್ಲೇ ಹೇಳಿದಳು. "ಅತ್ತೆ, ಲ್ಯಾಬಲ್ಲಿ ಪರೀಕ್ಷೆ ಮಾಡಿ ನೋಡಿದೆ. ನಿಮ್ಮ ಒರೆಸೋ ಬಟ್ಟೆ ಕೊಳಕು. ನನ್ನ ಸ್ಪಂಜು ಅದರ ಹತ್ತರಷ್ಟು ಕೊಳಕು. ನಿಮ್ಮ ಕಡೆ ಕೌಂಟರ್ ಚೊಕ್ಕವಾಗಿದೆ."

ಸುಶೀಲಾಬಾಯಿ ಬಾಳೆಹಣ್ಣಿನ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿದರು. "ಸುಳ್ಳ ಹೇಳಬಹುದಿತ್ತಲ್ಲ. ಯಾರು ನೋಡಲಿಕ್ಕೆ ಬಂದಿದ್ರು?"

"ಬಹುದಿತ್ತು. ಆದ್ರೆ ನನಗೆ ಗೆಲ್ಲೋದು ಬೇಕಾಗಿಲ್ಲ ಅತ್ತೆ, ನೀವು ಊಟ ಮಾಡೋದು ಬೇಕು. ಹುಣಸೆಹಣ್ಣಿನ ವಿಷಯ ನಾನು ಮೊದಲೇ ಹೇಳಬೇಕಿತ್ತು. ತಪ್ಪಾಯ್ತು."

"ಆ ಬಾಟ್ಲಿ ಇದ್ದಲ್ಲೆ ಹುಣಸಿ ತರೂದಿಲ್ಲ ನಾ. ಅಷ್ಟು ಹೇಳಿದ್ರ ತಿಳೀತಿತ್ತು ನನಗ." ಬಾಳೆಹಣ್ಣನ್ನು ಕೆಳಗಿಟ್ಟು ಅವರು ತೀರ್ಪು ಕೊಟ್ಟರು. "ಆದ್ರ ನ್ಯಾಯ ಅಂದ್ರ ನ್ಯಾಯ. ಹೊಲಸ ಇಟ್ಟವರು ಇಬ್ಬರೂ. ಇವತ್ತಿಂದ ನೀನೂ ಸಿಂಕ್ ಮುಟ್ಟಬ್ಯಾಡ. ಚಂದ್ರೂ, ಬಾ ಇಲ್ಲೆ."

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಚಂದ್ರಶೇಖರ್ ಹುಟ್ಟಿದಾಗಿನಿಂದ ಒಂದು ಲೋಟ ತೊಳೆದವನಲ್ಲ. ಏನು ಮಾಡಬೇಕೆಂದು ತೋಚದೆ, ಗೊತ್ತಿದ್ದ ಒಂದೇ ವಿದ್ಯೆಯನ್ನು ಮಾಡಿದ. ಆಪರೇಷನ್ನಿಗೆ ಮುಂಚೆ ಮಾಡುವಂತೆ ತೋಳು ಮಡಚಿ, ಉಗುರು, ಬೆರಳಸಂದಿ, ಮೊಣಕೈ ತನಕ ಐದು ನಿಮಿಷ ಉಜ್ಜಿದ. ಮೊಣಕೈಯಿಂದಲೇ ನಲ್ಲಿ ನಿಲ್ಲಿಸಿ, ಎರಡೂ ಕೈ ಮೇಲೆತ್ತಿಕೊಂಡು ನಿಂತ. ತಾಯಿ ಟವೆಲು ಚಾಚಿದರು.

"ಬ್ಯಾಡವ್ವಾ, ಈಗ ಏನೂ ಮುಟ್ಟಬಾರದು."

"ಯಾರರ ಮುಟ್ಟಿದ್ರ?"

"ಮತ್ತ ಮೊದಲಿಂದ ತೊಳಕೋಬೇಕು."

ಸುಶೀಲಾಬಾಯಿ ಮಗನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಇದು ಮಡಿನ ಅಲ್ಲೇನೋ? ದಿನಾ ಮಡಿಲೆ ಇದ್ದು ನನಗ ಬಾಳೆಹಣ್ಣು ತಂದು ಕೊಟ್ಟಿಯಲ್ಲೋ!"

ಅವನು ತೊಳೆದ ಪಾತ್ರೆಯಲ್ಲಿ ಏಳು ಗಂಟೆಗೆ ಅನ್ನ, ಸಾರು ಆಯಿತು. ಹೊರಗಿನ್ನೂ ಬಿಸಿಲಿತ್ತು. ಅತ್ತೆ ಮೊದಲ ತಟ್ಟೆಯನ್ನು ವೈದೇಹಿಯ ಮುಂದಿಟ್ಟರು.

"ನೀವು ಮೊದಲು," ಅಂದಳು ಅವಳು.

"ಕೂಡು ಸುಮ್ಮನ. ಆರು ದಿನ ಆತು, ನನ್ನ ಮುಂದ ಉಣ್ಣಲಿಕ್ಕೆ ನಾಚಿ ನೀನೂ ಅರ್ಧಾ ಹೊಟ್ಟಿಲೆ ಏಳ್ತಿ. ನನಗ ಕಾಣೂದಿಲ್ಲಂತ ತಿಳಿದಿಯೇನು? ಬಸುರಿ ಹಸಕೊಂಡಿದ್ರ ನನಗ ಬಾಳೆಹಣ್ಣರ ಹೆಂಗ ಇಳೀಬೇಕು?"

ವೈದೇಹಿ ಸಾರನ್ನದ ಮೇಲೆಯೇ ಅತ್ತಳು. ಅತ್ತೆ ಅದನ್ನು ಕಂಡೂ ಕಾಣದವರಂತೆ ಇನ್ನೊಂದು ಸೌಟು ಸಾರು ಹಾಕಿ, ತಾವೂ ಕೂತು ಉಂಡರು. ಚಂದ್ರಶೇಖರ್ ಮತ್ತೆ ಕೈ ಮೇಲೆತ್ತಿಕೊಂಡು, ಈ ತಟ್ಟೆಗಳೂ ತನ್ನ ಪಾಲಿಗೇ ಏನು ಎಂದು ಕೇಳಿದ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಹೌದು ಅಂದರು.