ರುಜು ಹಾಕಿದ ಬೂಟು

ತಪಾಸಣೆಯವರು ಬರುತ್ತಾರೆ ಅನ್ನುವ ಸುದ್ದಿ ಮೂರನೇ ವಿಭಾಗದ ಹೆಂಗಸರಿಗೆ ತಿಳಿಯುತ್ತಿದ್ದದ್ದು ಕಕ್ಕಸಿನಿಂದ. ವರ್ಷವಿಡೀ ಬಾಗಿಲಿಲ್ಲದೆ ಬಾಯಿ ಬಿಟ್ಟುಕೊಂಡಿರುತ್ತಿದ್ದ ಆ ಕೋಣೆಗೆ ಒಂದು ಬೆಳಗ್ಗೆ ಬಾಗಿಲು ಬರುತ್ತಿತ್ತು, ಸುಣ್ಣ ಬರುತ್ತಿತ್ತು, ಒಳಗೊಂದು ಸೋಪೂ ಬರುತ್ತಿತ್ತು.

"ಬಂತಲ್ರೇ ಹಬ್ಬ!" ಎಂದಳು ಇನಾ ಸೆದಿ. "ಸೋಪು ಹಾಗೇ ಇರ್ಲಿ, ಮುಟ್ಬೇಡಿ. ಫೋಟೋ ತೆಗೆಯೋವರೆಗೂ ಅದು ದೇವರು."

ಹನ್ನೆರಡು ಜನ ನಕ್ಕರು. ಎಲ್ಲರೂ ನಿಯಾಸ್ ದ್ವೀಪ ಬಿಟ್ಟು ಸಮುದ್ರದಾಚೆಯ ರಿಯಾವು ಪ್ರಾಂತ್ಯದ ಎಣ್ಣೆತಾಳೆ ತೋಟಕ್ಕೆ ಬಂದವರು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಮರದ ಬುಡಕ್ಕೆ ಕಳೆನಾಶಕ ಹೊಡೆಯುವುದು ಅವರ ಕೆಲಸ. ದಿನಗೂಲಿ. ಬೆಳಗ್ಗೆ ಮಾಂದೋರ್ ಹೆಸರು ಕೂಗಿದರೆ ಕೆಲಸವುಂಟು, ಕೂಗದಿದ್ದರೆ ಇಲ್ಲ. ಮೇಸ್ತ್ರಿಯನ್ನು ಅಲ್ಲಿ ಮಾಂದೋರ್ ಅನ್ನುತ್ತಾರೆ.

ಇನಾ ಯಾರ್ನಿಗೆ ಈ ಕೆಲಸದಲ್ಲಿ ಏಳು ವರ್ಷ. ಚೊಚ್ಚಲ ಮಗು ಹುಟ್ಟಿದ ದಿನವೇ ನಿಯಾಸಿನ ಹೆಂಗಸಿನ ಸ್ವಂತ ಹೆಸರು ಮೂಲೆ ಸೇರುತ್ತದೆ. ಅದಿಲಿನಾ ಹಲಾವ ಅನ್ನುವವಳು ಯಾರ್ನಿಯ ತಾಯಿಯಾದ ಮೇಲೆ ಎಲ್ಲರ ಬಾಯಲ್ಲೂ ಇನಾ ಯಾರ್ನಿ. ಕಾಲಿಗೆ ಗಂಡನ ಹಳೇ ಬೂಟು. ಹರಿದ ಕಡೆಯೆಲ್ಲ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದಳು. ಆದರೂ ಔಷಧಿ ಒಳಗೆ ಇಳಿದು ಹೆಬ್ಬೆರಳಿನ ಉಗುರುಗಳು ಕಪ್ಪಾಗಿದ್ದವು. ಅಂಗಾಲಿನ ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಏಳುತ್ತಿತ್ತು. ಇನಾ ಸೆದಿಯದು ಇನ್ನೂ ಕಷ್ಟ. ಮಾರ್ಚ್ ತಿಂಗಳಲ್ಲಿ ಡಬ್ಬಿಯ ಪೈಪು ಕಿತ್ತುಬಂದು ಔಷಧಿ ಎಡಗಣ್ಣಿಗೆ ಸಿಡಿದಿತ್ತು. ಈಗ ಆ ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು.

ಮಾರನೆಯ ದಿನ ಕಂಪನಿಯ ಪೆಕನ್‌ಬಾರು ಕಚೇರಿಯಿಂದ ರಂಗ್ಗಾ ಬಂದ. ತೋಟದ ಗೇಟಿನ ಮೇಲಿದ್ದ ಹಸಿರು ಫಲಕವನ್ನು ಕಾಪಾಡುವುದು ಅವನ ಉದ್ಯೋಗ. 'ಇಲ್ಲಿ ಕಾಡಿಗೂ ಕೇಡಿಲ್ಲ, ಕೂಲಿಯವರಿಗೂ ಕೇಡಿಲ್ಲ' ಎಂದು ತಪಾಸಣೆಯ ಸಂಸ್ಥೆ ಬರೆದುಕೊಡದಿದ್ದರೆ ಈ ತೋಟದ ಎಣ್ಣೆಯನ್ನು ಹೊರದೇಶದವರು ಮುಟ್ಟುವುದಿಲ್ಲ. ಅವನು ಹೆಂಗಸರನ್ನು ಸಾಲಾಗಿ ಕೂರಿಸಿ ಪಾಠ ಒಪ್ಪಿಸಿಕೊಂಡ.

"ಬೂಟು ಎಷ್ಟು ದಿನಕ್ಕೊಂದ್ಸಲ ಕೊಡ್ತಾರೆ?"

"ಆರು ತಿಂಗಳಿಗೊಂದ್ಸಲ," ಎಂದರು ಎಲ್ಲರೂ, ಮಗ್ಗಿ ಹೇಳುವ ಹಾಗೆ.

ಆಮೇಲೆ ಪೆಟ್ಟಿಗೆ ಬಿಚ್ಚಿ ಹಳದಿ ರಬ್ಬರಿನ ಬೂಟು, ಮುಖಕವಚ, ಕೈಗವಸು, ಕನ್ನಡಕ ಹಂಚಿದರು. ಎದುರಿಗೊಂದು ಪುಸ್ತಕ. ಹೆಸರಿನ ಮುಂದೆ ರುಜು. ಇನಾ ಯಾರ್ನಿ ಆರನೇ ಕ್ಲಾಸು ಓದಿದವಳು. ರುಜು ಹಾಕುವ ಮೊದಲು ಪುಟದ ತಲೆಯ ಮೇಲಿದ್ದ ಸಾಲು ಓದಿದಳು: 'ಕೆಳಗಿನ ಸಾಮಾನುಗಳನ್ನು ಉಚಿತವಾಗಿ, ಸ್ವಂತ ಬಳಕೆಗೆ ಪಡೆದಿದ್ದೇನೆ.' ಐದು ವರ್ಷದಿಂದ ಅವಳು ಇದಕ್ಕೆ ರುಜು ಹಾಕುತ್ತಿದ್ದಳು. ಪ್ರತಿ ವರ್ಷವೂ ತಪಾಸಣೆಯವರ ಕಾರು ತಿರುವು ದಾಟಿದ್ದೇ ತಡ, ಮಾಂದೋರ್ ವಾಗಿಮಾನ್ ಗೋಣಿಚೀಲ ಹಿಡಿದು ಬಂದು ಎಲ್ಲವನ್ನೂ ವಾಪಸ್ ತುಂಬಿಕೊಳ್ಳುತ್ತಿದ್ದ.

ತಪಾಸಣೆಗೆ ಬಂದವಳು ಜಕಾರ್ತದ ಪರಮಿತಾ, ಎಲ್ಲರ ಬಾಯಲ್ಲಿ ಇಬು ಪರಮಿತಾ, ಅಂದರೆ ಪರಮಿತಾ ಮೇಡಂ. ಸಣ್ಣಗೆ, ನಡುವಯಸ್ಸಿನವಳು. ಮರಗಳ ಸಾಲಿನ ನಡುವೆ ನಿಂತು ಕೇಳಿದಳು, "ಬೂಟು ಎಷ್ಟು ದಿನಕ್ಕೊಂದ್ಸಲ ಕೊಡ್ತಾರಮ್ಮ?"

ರಂಗ್ಗಾ ಮೂರೇ ಹೆಜ್ಜೆ ದೂರದಲ್ಲಿದ್ದ. "ಆರು ತಿಂಗಳಿಗೊಂದ್ಸಲ," ಎಂದಳು ಇನಾ ಯಾರ್ನಿ.

"ಹೊಸ ಬೂಟು ಕಾಲು ಕಚ್ಚುತ್ತೆ, ಅಲ್ವಾ?"

"ಇಲ್ಲ."

ಇಬು ಪರಮಿತಾ ಅವಳ ಮುಖವನ್ನೇ ಒಂದು ಕ್ಷಣ ನೋಡಿ, ಬರೆದುಕೊಂಡು, ಥ್ಯಾಂಕ್ಸ್ ಹೇಳಿ ಹೋದಳು. ಮಧ್ಯಾಹ್ನ ಇನಾ ಯಾರ್ನಿ ಅನ್ನ ಉಪ್ಪುಮೀನಿನ ಗಂಟು ಬಿಚ್ಚಿದವಳು ತಿನ್ನದೆ ಮತ್ತೆ ಕಟ್ಟಿಟ್ಟಳು. ಸುಳ್ಳು ಹೇಳಿದ್ದು ಮೊದಲನೇ ಸಲವಲ್ಲ. ಆದರೆ ಅಂದು ಕಾಲು ಒಣಗಿತ್ತು. ಹೋದ ವರ್ಷದ ತಪಾಸಣೆಯ ಬಳಿಕ ಮೊದಲ ಸಲ ಬೆಳಗ್ಗೆಯಿಂದ ಸಂಜೆಯವರೆಗೆ ಉರಿ ಇರಲಿಲ್ಲ. ಉರಿ ಇಲ್ಲದ ದಿನ ಹೀಗಿರುತ್ತದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು.

ಸಂಜೆ ನಾಲ್ಕಕ್ಕೆ ಲಾರಿ ಬಂತು. ವಾಗಿಮಾನ್ ಗೋಣಿಚೀಲದ ಬಾಯಿ ಬಿಡಿಸಿ ಹಿಡಿದ.

"ಬಿಚ್ರೇ, ಬೇಗ ಬಿಚ್ರೇ. ಎಡ ಬಲ ನೋಡಿ ಹಾಕಿ. ಹೋದ್ ವರ್ಷ ಎರಡೂ ಎಡಗಾಲಿನ್ದೇ ಜೋಡಿ ಮಾಡಿದ್ಲು ಯಾವಳೋ."

"ನಾನು ಬಿಚ್ಚಲ್ಲ, ಮಾಂದೋರ್," ಎಂದಳು ಇನಾ ಯಾರ್ನಿ.

"ಯಾಕೆ, ಕಾಲು ಊದ್ಕೊಂಡಿದ್ಯಾ?"

"ಕಾಲು ಚೆನ್ನಾಗಿದೆ. ಅದಕ್ಕೇ ಬಿಚ್ಚಲ್ಲ."

"ತಮಾಷೆ ಸಾಕು. ಅದು ಕಂಪನಿ ಬೂಟು."

"ಅಲ್ಲ, ನಂದು. ಉಚಿತವಾಗಿ, ಸ್ವಂತ ಬಳಕೆಗೆ ಅಂತ ಬರೆದಿದ್ರಿ, ರುಜು ಹಾಕಿದೀನಿ. ನಂದಲ್ಲ ಅಂದ್ರೆ ನಿಮ್ಮ ಪುಸ್ತಕ ಸುಳ್ಳು. ಪುಸ್ತಕ ಸುಳ್ಳು ಅಂತ ಒಂದು ಚೀಟಿ ಬರ್ಕೊಡಿ, ಇಲ್ಲೇ ಬಿಚ್ಚಿ ಕೊಟ್ಟು ಬರಿಗಾಲಲ್ಲಿ ಹೋಗ್ತೀನಿ."

ವಾಗಿಮಾನ್ ಚೀಲವನ್ನು ಇನಾ ಸೆದಿಯ ಮುಂದೆ ಹಿಡಿದ.

"ನನ್ನ ಕೈಲೂ ಬಿಚ್ಚೋಕಾಗಲ್ಲಪ್ಪ," ಎಂದಳು ಇನಾ ಸೆದಿ. "ಒಂದೇ ಕಣ್ಣು. ಲೇಸು ಕಾಣ್ಸಲ್ಲ."

"ರಬ್ಬರ್ ಬೂಟಿಗೆ ಎಲ್ಲಮ್ಮ ಲೇಸು?"

"ಅದೇ ಹೇಳಿದ್ನಲ್ಲ, ಕಾಣ್ಸಲ್ಲ ಅಂತ."

ಲಾರಿಯ ಡ್ರೈವರು ಕೂಡ ನಕ್ಕುಬಿಟ್ಟ. ವಾಗಿಮಾನ್‌ನ ಮುಖ ಕೆಂಪೇರಿತು. "ಬಿಚ್ಚದವರ ಹೆಸರು ನಾಳೆ ಕೂಗಲ್ಲ. ನೆನಪಿರ್ಲಿ!"

ನಾಲ್ವರು ತಲೆ ತಗ್ಗಿಸಿ ಬಿಚ್ಚಿಕೊಟ್ಟರು. ಮನೆಯಲ್ಲಿ ಕೂಸುಗಳಿದ್ದವರು, ಗಂಡ ಮಲಗಿದಲ್ಲೇ ಇದ್ದವರು. ಅವರನ್ನು ಯಾರೂ ಏನೂ ಅನ್ನಲಿಲ್ಲ. ಉಳಿದ ಎಂಟು ಜನ ಲಾರಿ ಹತ್ತದೆ ಕೆಂಪು ಮಣ್ಣಿನ ರಸ್ತೆ ಹಿಡಿದು ನಡೆದರು. ಹದಿನಾರು ಹಳದಿ ಬೂಟು ತಪತಪ ಸದ್ದು ಮಾಡುತ್ತ ಹೋದವು.

ಮನೆಯಲ್ಲಿ ಗಂಡ ಅಮಾ ಯಾರ್ನಿ, ಅಂದರೆ ಯಾರ್ನಿಯ ಅಪ್ಪ, ಬೂಟು ನೋಡಿದ, ಹೆಂಡತಿಯನ್ನು ನೋಡಿದ. "ಸಮುದ್ರ ದಾಟಿ ಬಂದೋರು ನಾವು. ಇಲ್ಲಿ ನಮಗ್ಯಾರಿದಾರೆ? ನಾಳೆ ಕೊಟ್ಬಿಡೇ."

"ನಾಳೆ ಕೊಟ್ರೆ, ಇವತ್ತು ಹೇಳಿದ ಸುಳ್ಳು ನನ್ನ ಹತ್ರಾನೇ ಉಳಿಯುತ್ತೆ. ಬೂಟು ಮಾತ್ರ ಹೋಗುತ್ತೆ," ಎಂದಳು.

ಬೆಳಗ್ಗೆ ವಾಗಿಮಾನ್ ನಾಲ್ಕೇ ಹೆಸರು ಕೂಗಿ ಪುಸ್ತಕ ಮುಚ್ಚಿದ. ಎಂಟು ಜನ ಮನೆಗೆ ಹೋಗಲಿಲ್ಲ. ಅಂದು ಹತ್ತು ಗಂಟೆಗೆ ತೋಟದ ಕಚೇರಿಯಲ್ಲಿ ತಪಾಸಣೆಯ ಕೊನೇ ಸಭೆಯಿತ್ತು. ಆರು ಕಿಲೋಮೀಟರು ನಡೆದು ಹೋಗಿ ಕಚೇರಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತರು.

ರಂಗ್ಗಾ ಓಡಿ ಬಂದ. "ಇಲ್ಯಾಕೆ ಬಂದ್ರಿ? ಏನ್ ಬೇಕು ನಿಮಗೆ?"

"ಏನೂ ಬೇಡಪ್ಪ," ಎಂದಳು ಇನಾ ಯಾರ್ನಿ. "ಪುಸ್ತಕದಲ್ಲಿ ಇರೋ ಥರಾನೇ ಕೂತಿದೀವಿ. ಹೆಸರು, ಕಾಲು, ಬೂಟು. ಎಣಿಸ್ಕೊಳ್ಳಿ."

ಗಲಾಟೆ ಕೇಳಿ ಇಬು ಪರಮಿತಾ ಹೊರಗೆ ಬಂದಳು. "ಇವತ್ತು ಕೆಲಸ ಇಲ್ವಾ?"

"ಬೂಟು ಹಾಕ್ಕೊಂಡೋರಿಗೆ ಕೆಲಸ ಇಲ್ಲ ಅಂದ್ರು. ನಿನ್ನೆ ನಾನು ಆರು ತಿಂಗಳಿಗೊಂದ್ಸಲ ಅಂದೆ. ಅದು ಸುಳ್ಳು. ವರ್ಷಕ್ಕೊಂದ್ಸಲ, ನೀವು ಬಂದ ದಿನ ಮಾತ್ರ. ಸಂಜೆ ಚೀಲಕ್ಕೆ. ಅದನ್ನ ಅಳಿಸಿ, ಇದನ್ನ ಬರ್ಕೊಳ್ಳಿ."

"ನಿನ್ನೇನೇ ಅನ್ನಿಸ್ತು ನನಗೆ," ಎಂದಳು ಇಬು ಪರಮಿತಾ ಮೆಲ್ಲಗೆ. "ಒಂದು ಬೂಟಿನ ಮೇಲೂ ಗೀರು ಇರ್ಲಿಲ್ಲ."

"ಅನ್ನಿಸಿಯೂ ಸುಳ್ಳನ್ನೇ ಬರ್ಕೊಂಡ್ರಾ?"

"ಸಾಕ್ಷಿ ಬೇಕಲ್ಲಮ್ಮ."

"ಸಾಕ್ಷಿ ತರೋರು ನಾವು, ಸಂಬಳ ತಗೊಳ್ಳೋರು ನೀವು. ಯಾರು ಕೊಡೋದು ನಿಮ್ಮ ಸಂಬಳ?"

"ಕಂಪನಿ ನಮ್ಮ ಸಂಸ್ಥೆಗೆ ಕೊಡುತ್ತೆ. ಸಂಸ್ಥೆ ನನಗೆ."

"ಹಾಗಾದ್ರೆ ನಾವೂ ನೀವೂ ಒಬ್ಬನ ಕೂಲಿಯೋರೇ ಅನ್ನಿ."

ಇಬು ಪರಮಿತಾ ಒಳಗೆ ಹೋಗಿ ಐದು ವರ್ಷದ ಪುಸ್ತಕಗಳನ್ನು ಹೊತ್ತುಕೊಂಡು ಬಂದಳು. "ಆರು ತಿಂಗಳಿಗೊಂದ್ಸಲ ಆದ್ರೆ ಹತ್ತು ಜೊತೆ ಆಗ್ಬೇಕು, ಪುಸ್ತಕದಲ್ಲೇ ಇವರಿಗೆ ತಲಾ ಐದು ಜೊತೆ ಕೊಟ್ಟಿದೀರಿ ರಂಗ್ಗಾ. ಹಳೇವೆಲ್ಲ ಎಲ್ಲಿ?"

"ಸವೆದು ಹೋಗಿರ್ಬೇಕು ಮೇಡಂ."

"ಸವೆಯೋಕೆ ನೆಲ ಮುಟ್ಬೇಕಲ್ಲಪ್ಪ," ಎಂದಳು ಇನಾ ಯಾರ್ನಿ.

ಗೋದಾಮು ತೆಗೆಸಿ ಎಂದಾಗ ಬೀಗದ ಕೈ ಇದ್ದವನು ಪೇಟೆಗೆ ಹೋಗಿದ್ದಾನೆ ಅಂದರು. "ಬರ್ಲಿ, ಕಾಯ್ತೀನಿ," ಎಂದು ಇಬು ಪರಮಿತಾ ಹೆಂಗಸರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ನಡುವೆ ಅಮಾ ಯಾರ್ನಿ ಬಂದ. ಬೇಯಿಸಿದ ಮರಗೆಣಸಿನ ಪಾತ್ರೆಯನ್ನು ಹೆಂಡತಿಯ ಮುಂದಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಒಂಬತ್ತು ಜನ ಹಂಚಿಕೊಂಡು ತಿಂದರು. ಗೆಣಸು ಮುಗಿಯುವ ಹೊತ್ತಿಗೆ, ಪೇಟೆಗೆ ಹೋಗಿದ್ದ ಬೀಗದ ಕೈ ಕಚೇರಿಯ ಮೇಜಿನೊಳಗೇ ಸಿಕ್ಕಿತು.

ಬಾಗಿಲು ತೆರೆದಾಗ ರಬ್ಬರಿನ ಹೊಸ ವಾಸನೆ ಹೊರಗೆ ನುಗ್ಗಿತು. ಗೋಡೆಯುದ್ದಕ್ಕೂ ಹಳದಿ ಬೂಟುಗಳು, ಸೀಮೆಸುಣ್ಣದಲ್ಲಿ ಅಳತೆ ಬರೆದು ಜೋಡಿಸಿದ್ದವು. ಪಕ್ಕದ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹರಿಯದ ಕನ್ನಡಕಗಳು. ಇನಾ ಸೆದಿ ಒಂದನ್ನು ಎತ್ತಿಕೊಂಡು ಬೆರಳಿನಿಂದ ಗಾಜು ಸವರಿದಳು. ಏನಾದರೂ ನಗೆಮಾತು ಆಡುತ್ತಾಳೆಂದು ಎಲ್ಲರೂ ಅವಳ ಕಡೆ ನೋಡಿದರು. ಅವಳು ಕನ್ನಡಕವನ್ನು ಎಡಗಣ್ಣಿಗೆ ಹಿಡಿದು ನೋಡಿ ಪೆಟ್ಟಿಗೆಗೆ ಹಾಕಿದಳು. ಇಬು ಪರಮಿತಾ ಫೋಟೋ ತೆಗೆದಳು.

ಗೇಟಿನ ಫಲಕವೇನೂ ಕಳಚಿ ಬೀಳಲಿಲ್ಲ. ಗಂಭೀರ ಲೋಪ, ತಿದ್ದಿಕೊಳ್ಳಲು ಮೂರು ತಿಂಗಳು ಗಡುವು ಎಂದು ವರದಿ ಬಂತು. ವಾಗಿಮಾನ್‌ನನ್ನು ನದಿಯಾಚೆಯ ವಿಭಾಗಕ್ಕೆ ಹಾಕಿದರು. ರಂಗ್ಗಾ ಇದ್ದಲ್ಲೇ ಇದ್ದ. ಎಂಟು ಜನರ ಹೆಸರನ್ನು ಹತ್ತೊಂಬತ್ತು ದಿನ ಯಾರೂ ಕೂಗಲಿಲ್ಲ. ದಿನವೂ ಬೆಳಗ್ಗೆ ಅವರು ಬಂದು ನಿಲ್ಲುವರು, ಕೇಳುವರು, ಹೋಗುವರು. ಆ ದಿನಗಳಲ್ಲಿ ಇನಾ ಯಾರ್ನಿ ಹಳ್ಳದಲ್ಲಿ ಮೀನು ಹಿಡಿದಳು, ಚರ್ಚಿನ ಹಿತ್ತಲಲ್ಲಿ ಮೆಣಸಿನ ಗಿಡ ನೆಟ್ಟಳು. ಬೂಟು ಬಿಚ್ಚಿಕೊಟ್ಟಿದ್ದ ನಾಲ್ವರು ಭಾನುವಾರಗಳಂದು ಅಕ್ಕಿ ತಂದು ಬಾಗಿಲಲ್ಲಿಟ್ಟು ಹೋದರು.

ಇಪ್ಪತ್ತನೆಯ ದಿನ ಹೊಸ ಮಾಂದೋರ್ ಹನ್ನೆರಡು ಹೆಸರನ್ನೂ ಕೂಗಿದ. ಎಲ್ಲರಿಗೂ ಬೂಟು, ಕನ್ನಡಕ. ಆಮೇಲೆ ಸಾಲಿನ ಮುಂದೆ ಹಿಂದೆ ಓಡಾಡಿ, "ಇಲ್ಲಿ ಗಲಾಟೆ ಮಾಡೋಳು ಯಾರಮ್ಮ?" ಎಂದ.

ಇನಾ ಯಾರ್ನಿ ಕೈ ಎತ್ತಿದಳು. ಇನಾ ಸೆದಿ ಎತ್ತಿದಳು. ಆಮೇಲೆ ಜೊತೆಗೆ ನಡೆದಿದ್ದ ಉಳಿದ ಆರು ಜನ, ಆಮೇಲೆ ಆ ನಾಲ್ವರೂ.

ಅವನು ತಲೆ ಕೆರೆದುಕೊಂಡ. "ಸರಿ ಸರಿ, ಡಬ್ಬಿ ಎತ್ಕೊಳ್ಳಿ. ಹೊತ್ತಾಯ್ತು."

"ಕೈ ತೊಳೆಯೋಕೆ ತೋಟದೊಳಗೆ ನೀರಿಲ್ಲ, ಮಾಂದೋರ್," ಎಂದಳು ಇನಾ ಯಾರ್ನಿ. "ಅದೇ ಕೈಯಲ್ಲಿ ಅನ್ನ ತಿಂತೀವಿ. ನೀರಿನ ಡ್ರಮ್ಮು ಲಾರಿ ಹತ್ತೋವರೆಗೂ ನಾವು ಹತ್ತಲ್ಲ."

ಹನ್ನೆರಡು ಜನ ಹುಲ್ಲಿನ ಮೇಲೆ ಕೂತರು. ಏಳೂವರೆಗೆ ಡ್ರಮ್ಮು ಬಂತು. ಬರಿದಾಗಿತ್ತು. ಅದನ್ನು ತುಂಬಿಸುವವರೆಗೂ ಅವರು ಏಳಲಿಲ್ಲ.