ಬಿ.ಎಂ. ಅಂದರೆ ಬಸಮ್ಮ

ಈ ಕಥೆಯನ್ನು ಕಲ್ಲಿನಿಂದ ಶುರು ಮಾಡಲೋ, ಕೂಸಿನಿಂದಲೋ? ಕಲ್ಲಿನಿಂದ ಶುರು ಮಾಡಿದರೆ ಇತಿಹಾಸ ಎಂದು ಪುಟ ತಿರುಗಿಸುತ್ತೀರಿ. ಕೂಸಿನಿಂದ ಮಾಡಿದರೆ ಅಳುತ್ತೀರಿ. ನನಗೆ ಎರಡೂ ಬೇಡ. (ಸುಳ್ಳು. ಅತ್ತರೆ ಒಳ್ಳೆಯದೇ.)

೧.
ತೆಲುಗು ಸೀಮೆಯ ಕೂಕಟ್‌ಪಲ್ಲಿಯಲ್ಲಿ ಒಂದು ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಮೊಣಕಾಲೆತ್ತರದ ಕಲ್ಲಿದೆ. ಮೇಲೊಂದು ಬಾಣದ ಗುರುತು, ಕೆಳಗೆ ಇಂಗ್ಲಿಷಿನಲ್ಲಿ ಬಿ.ಎಂ. ಬೆಂಚ್ ಮಾರ್ಕ್, ಅಂದರೆ ನೆಲದ ಎತ್ತರ ಅಳೆಯುವವರು ನೆಟ್ಟ ಸರ್ವೇ ಕಲ್ಲು. ಇಂಥ ಕಲ್ಲುಗಳ ಮೂಲ ಹುಡುಕುವುದು ನನ್ನ ಚಟ. ಕಥೆ ಇಲ್ಲಿಗೇ ಮುಗಿಯಬೇಕಿತ್ತು.

ಎರಡನೇ ಮಹಡಿಯ ಸಾವಿತ್ರಿಬಾಯಿ ಇಳಿದು ಬಂದು ಡ್ರಾಫ್ಟ್ ಕೆಡಿಸಿದರು. (ಮಗ ಮಿಯಾಪುರದಲ್ಲಿ ಫ್ಲ್ಯಾಟ್ ನೋಡಿದ್ದ. ಇಲ್ಲೇ ಬೇಕೆಂದು ಹಟ ಹಿಡಿದವರು ಈ ಅಜ್ಜಿ.)

"ಬಿ ಅಂದ್ರ ಬ, ಎಂ ಅಂದ್ರ ಮ. ಬಸಮ್ಮ. ನನ್ನ ತಂಗಿ. ನಮ್ಮಪ್ಪ ಸರ್ವೇದಾಗ ನೆಲ ಅಳಿಯೋ ಸರಪಳಿ ಎಳೀತಿದ್ದ. ಕೂಸು ಜ್ವರ ಬಂದು ಹೋತು. ಇಲ್ಲೇ ಮಣ್ಣು ಮಾಡ್ಯಾನ. ಸರಕಾರಿ ಕಲ್ಲು, ಯಾರೂ ಕೀಳಂಗಿಲ್ಲ ಅಂತ."

"ನಡುವಿನ 'ಸ' ಎಲ್ಲಿ ಹೋತರಿ ಅಮ್ಮಾ?"

"ಅದನ್ನ ನಾವ ಅನ್ನಬೇಕಪ್ಪ."

೨. (ಹೊಡೆದು ಹಾಕಿದ್ದು) ಅವರ ಅಪ್ಪ ಸೂಗಪ್ಪ ಕಲ್ಲಿನ ಅಕ್ಷರ ನೋಡಿಯೇ ಜಾಗ ಆರಿಸಿದ.

೨. (ಮತ್ತೆ) ಕೂಸಿಗೆ ಹೆಸರೇ ಇಟ್ಟಿರಲಿಲ್ಲ. ಕಲ್ಲು ನೋಡಿ ಆಮೇಲೆ ಇಟ್ಟ.

೨. (ಇನ್ನೊಮ್ಮೆ) ಬೇರೆಲ್ಲೋ ಮಣ್ಣು ಮಾಡಿ, ಅಳುತ್ತಿದ್ದ ಹಿರಿ ಮಗಳಿಗೆ ಈ ಕಲ್ಲು ತೋರಿಸಿದ.

ಮೊದಲು ಕಲ್ಲೋ, ಮೊದಲು ಹೆಸರೋ? ತಿಳಿದವರನ್ನು ಕೇಳಿದೆ. ಕಲ್ಲಿನ ಬಗ್ಗೆ ಗಂಟೆಗಟ್ಟಲೆ ಹೇಳಿದರು, ಕೂಸು ಅಂದಕೂಡಲೇ ನಕ್ಕರು. ನನ್ನ ತಲೆ ಪೂರಾ ಕೆಟ್ಟಿದೆ.

೪. (೩ ಇಲ್ಲ. ಅದರಲ್ಲಿ ನಾನು ವಿಪರೀತ ಜಾಣನಾಗಿದ್ದೆ.)
ಗೇಟು ಅಗಲ ಮಾಡಬೇಕು, ಕಲ್ಲು ಅಡ್ಡ. ಅಸೋಸಿಯೇಷನ್ ಸೆಕ್ರೆಟರಿ ರವಿಶಂಕರ್ ಕೈಮುಗಿದರು: "ಹೆರಿಟೇಜ್ ಅಯಿತೇ ಉಂಚುದಾಂ. ಸಮಾಧಿ ಅಂಟೇ ವದ್ದು ಸಾರ್." ಬರೀ ಸರ್ವೇ ಕಲ್ಲಾದರೆ ಬೋರ್ಡ್ ಹಾಕಿ ಉಳಿಸುತ್ತಾರೆ. ಕೆಳಗೆ ಕೂಸಿದೆ ಅಂದರೆ ನಾಳೆಯೇ ಜೆಸಿಬಿ. ಬೋರ್ಡಿನ ಒಕ್ಕಣೆ ನನ್ನ ಪಾಲಿಗೆ ಬಂತು.

ಮುಂದೆ ಹೋದರೆ ಹಾಯುತ್ತದೆ, ಹಿಂದೆ ಹೋದರೆ ಒದೆಯುತ್ತದೆ. ಕಲ್ಲು ಉಳಿಯಬೇಕಾದರೆ ಬಸಮ್ಮನನ್ನು ಅಳಿಸಬೇಕು.

ಮುಕ್ತಾಯ ಅ: ಸಾವಿತ್ರಿಬಾಯಿ ಕಲ್ಲನ್ನು ಅಪ್ಪಿಕೊಂಡು ಕೂರುತ್ತಾರೆ, ಟಿ.ವಿ.ಯವರು ಬರುತ್ತಾರೆ.

"ನನ್ನ ಮೊಣಕಾಲು ಮಡಚಂಗಿಲ್ಲ. ಬ್ಯಾರೆ ಬರಿ," ಎಂದು ಪಾತ್ರವೇ ತಕರಾರು ತೆಗೆಯಿತು.

ಮುಕ್ತಾಯ ಆ: ಅಗೆದು ನೋಡುತ್ತೇವೆ.

"ಅಗದು ನೋಡಿ, ಏನೂ ಸಿಗಲಿಲ್ಲಂದ್ರ?"

ನನಗೂ ಭಯವಾಯಿತು. ಆ ಪುಟ ಹರಿದೆ.

ಮುಕ್ತಾಯ ಇ: ಇದು ನನ್ನದಲ್ಲ, ಅವರದೇ. "ಸರ್ವೇ ಕಲ್ಲು ಅಂತನ ಬರಿಯಪ್ಪ. ಉಳೀಲಿ."

ಬರೆದೆ. ಕಲ್ಲಿನ ಪಕ್ಕ ನಿಂತು ಎಲ್ಲರೆದುರು ಗಟ್ಟಿಯಾಗಿ ಓದತೊಡಗಿದೆ: "ಇದು ಹಳೆಯ ಸರ್ವೇ ಗುರುತು. ಇದರ ಕೆಳಗೆ ಯಾರೂ..."

ಸಾವಿತ್ರಿಬಾಯಿ ನನ್ನ ತೋಳು ಹಿಡಿದರು.

"ಮೆಲ್ಲಕ ಓದೋ ತಮ್ಮಾ. ಅಕಿಗೆ ಕೇಳಸ್ತೈತಿ."

ರವಿಶಂಕರ್ ಕಾಯುತ್ತಿದ್ದಾರೆ. ನೀವೂ ಕಾಯುತ್ತಿದ್ದೀರಿ. ಆ ವಾಕ್ಯವನ್ನು ನಾನು ಮುಗಿಸುವುದಿಲ್ಲ.