ಹಿಂದುಮುಂದಾಗಿ ಕೂತ ನೆರಳು

ನಾನು ಹುಟ್ಟಿದ್ದು ಒಂದು ಅಚ್ಚಿನೊಳಗೆ. ಕಾದ ಕಪ್ಪು ಪ್ಲಾಸ್ಟಿಕ್ಕು ಒಳಗೆ ಹೋಯಿತು, ತಳವಿಲ್ಲದ ಲೋಟದಂತೆ ನಾನು ಹೊರಗೆ ಬಂದೆ. ನನಗೆ ಲೆನ್ಸ್ ಹುಡ್ ಎನ್ನುತ್ತಾರೆ. ದೂರದ್ದನ್ನು ಹತ್ತಿರಕ್ಕೆ ಎಳೆಯುವ ಉದ್ದನೆಯ ಜೂಮ್ ಲೆನ್ಸಿನ ಮೂತಿಗೆ ನನ್ನನ್ನು ಸಿಕ್ಕಿಸಬೇಕು. ಬಿಸಿಲಲ್ಲಿ ದೂರ ನೋಡುವಾಗ ನೀವು ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿಯುತ್ತೀರಲ್ಲ, ನನ್ನದೂ ಅಷ್ಟೇ ಕೆಲಸ. ಇದಕ್ಕಿಂತ ಸುಲಭದ ಕೆಲಸ ಜಗತ್ತಿನಲ್ಲಿ ಇರಲಾರದು. ಅದನ್ನೂ ನನ್ನಿಂದ ಮಾಡಿಸಿಕೊಳ್ಳಲಿಲ್ಲ.

ಪೆಟ್ಟಿಗೆಯಲ್ಲಿ ಜಾಗ ಉಳಿಯಲೆಂದು ಕಾರ್ಖಾನೆಯವರು ನನ್ನನ್ನು ತಿರುಗಿಸಿ, ಲೆನ್ಸಿನ ಮೈಮೇಲೆ ಹಿಂದುಮುಂದಾಗಿ ತೊಡಿಸಿದ್ದರು. ಬಳಸುವಾಗ ಬಿಚ್ಚಿ ಮುಂದಕ್ಕೆ ಹಾಕಿಕೊಳ್ಳಬೇಕು. ನನ್ನ ಮೊದಲ ಯಜಮಾನರು ಸೊಲ್ಲಾಪುರದ ಒಬ್ಬ ವಕೀಲರು. ಲೆನ್ಸನ್ನು ಎರಡು ಸಲ ನೋಡಿ ಕಪಾಟಿಗೆ ಸೇರಿಸಿದರು. ವರ್ಷದ ಮೇಲೆ ವಿಜಯಪುರದ ಫೋಟೋಗ್ರಾಫರ್ ಚನಮಲ್ಲಪ್ಪ ಕುಂಬಾರರಿಗೆ ಮಾರಿದರು.

ಚನಮಲ್ಲಪ್ಪನವರು ಮೂವತ್ತು ವರ್ಷ ಸ್ಟುಡಿಯೋದ ನಾಲ್ಕು ಗೋಡೆಯೊಳಗೇ ಫೋಟೋ ತೆಗೆದವರು. ಅಲ್ಲಿ ಸೂರ್ಯನೂ ಸ್ವಿಚ್ ಹಾಕಿದರೆ ಮಾತ್ರ ಬರುತ್ತಿದ್ದ. ನಾನು ಹಿಂದುಮುಂದಾಗಿ ಇದ್ದದ್ದನ್ನು ನೋಡಿ, ಲೆನ್ಸಿಗೆ ಪೆಟ್ಟಾಗದಿರಲೆಂದು ಹಾಕಿದ ಕಾಪು ಇದು, ಹೀಗೇ ಇರಬೇಕು ಎಂದುಕೊಂಡರು. ಜೂಮ್ ತಿರುಗಿಸುವ ಬಳೆಯ ಮೇಲೇ ನಾನು ಕೂತಿದ್ದೆ. ನನ್ನಡಿಗೆ ಬೆರಳು ತೂರಿಸಿ ತಿರುಗಿಸುವಾಗಲೆಲ್ಲ, "ಈ ಡಬರಿ ಭಾಳ ಅಡ್ಡ ಬರ್ತೈತಿ" ಎಂದು ಬೈಯುತ್ತಿದ್ದರು. ಆದರೂ ಬೆಳಿಗ್ಗೆ ಸ್ಟುಡಿಯೋ ತೆರೆದು ಮೊದಲು ಒರೆಸುತ್ತಿದ್ದದ್ದು ನನ್ನನ್ನೇ. ನನಗೆ ಅವರೆಂದರೆ ಪ್ರೀತಿ. ನನ್ನ ಬಾಯಿ ಅವರ ಎದೆಯ ಕಡೆಗಿತ್ತು, ಹಾಗಾಗಿ ನಾನು ಕಂಡ ಪ್ರಪಂಚವೆಂದರೆ ಅವರ ಅಂಗಿಯ ಗುಂಡಿಗಳು.

ವಿಜಯಪುರದವರಿಗೆ ಸೈಕಲ್ ರೇಸ್ ಎಂದರೆ ಹುಚ್ಚು. ಆ ಮಾಘದಲ್ಲಿ ಹೆದ್ದಾರಿಯ ಮೇಲೆ ಹುಡುಗಿಯರ ರೇಸ್ ಇತ್ತು. ಮೊದಲು ಬಂದವಳಿಗೆ ಕ್ರೀಡಾ ವಸತಿನಿಲಯದ ಒಂದೇ ಒಂದು ಸೀಟು. ಊರಲ್ಲಿ ಉದ್ದನೆಯ ಲೆನ್ಸ್ ಇದ್ದದ್ದು ನಮ್ಮಲ್ಲಿ ಮಾತ್ರ, ಹಾಗಾಗಿ ರೇಸ್ ಮುಗಿಯುವ ಗೆರೆಯ ಮೇಲಿನ ಫೋಟೋ ತೆಗೆಯಲು ನಮಗೇ ಕರೆ ಬಂತು. ರಸ್ತೆಯ ಪಶ್ಚಿಮಕ್ಕೆ ಗಣ್ಯರ ಪೆಂಡಾಲು ಹಾಕಿದ್ದರು. ನಾವು ಪೂರ್ವಕ್ಕೆ, ಜನರಾಚೆ ಒಂದು ಟ್ರೇಲರ್ ಮೇಲೆ, ಗೆರೆಯ ನೇರಕ್ಕೆ ನಿಂತೆವು. ಸಂಜೆಯ ಸೂರ್ಯ ಪೆಂಡಾಲಿನ ಮೇಲಿಂದ ನೇರ ಗಾಜಿಗೇ ಬಡಿಯುತ್ತಿದ್ದ. ನನ್ನ ಇಡೀ ಜನ್ಮ ಇದೊಂದು ಗಳಿಗೆಗಾಗಿ ಇತ್ತು. ತಿರುಗಿಸಿ, ನನ್ನನ್ನು ತಿರುಗಿಸಿ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಕೊನೆಗೆ ಅಂಗೈಯಾದರೂ ಅಡ್ಡ ಹಿಡಿಯಬಾರದೇ? ಪ್ಲಾಸ್ಟಿಕ್ಕಿಗೆ ಎಲ್ಲಿಯ ದನಿ!

ಇಬ್ಬರು ಹುಡುಗಿಯರು ಒಟ್ಟಿಗೇ ಗೆರೆ ಮುಟ್ಟಿದರು. ಒಬ್ಬಳು ತಾಂಡಾದ ಸೀತಲ್ ರಾಠೋಡ. ನನಗೆ ಕಂಡದ್ದು ಗುಂಡಿ ಮಾತ್ರ, ಕೇಳಿದ್ದು ಜನರ ಕೂಗು ಮಾತ್ರ.

ತೀರ್ಪುಗಾರರು ಕ್ಯಾಮೆರಾ ಇಸಿದುಕೊಂಡು ನೋಡಿದರು. "ಗಾಲಿ ಎಲ್ಲೈತ್ರೀ ಇದ್ರಾಗ? ಬರೀ ಹಾಲು ಚೆಲ್ಲಿದಂಗ ಐತಲ್ಲ!"

"ಬಿಸಲು ಅಡ್ಡ ಬಂತ್ರಿ ಸರ," ಎಂದರು ಚನಮಲ್ಲಪ್ಪ.

"ನಾನs ಮೊದಲ ಮುಟ್ಟೀನ್ರಿ. ಫೋಟೋದಾಗ ಇರಬೇಕು, ಸರಿಯಾಗಿ ನೋಡ್ರಿ," ಎಂದು ಸೀತಲ್ ಏದುಸಿರು ಬಿಡುತ್ತಲೇ ಅಂಗಲಾಚಿದಳು. ಅವರು ಇನ್ನೊಮ್ಮೆ ನೋಡಿದರು. ಆಮೇಲೆ ತಮ್ಮತಮ್ಮಲ್ಲೇ ಮಾತಾಡಿಕೊಂಡು ಸೀಟನ್ನು ಇನ್ನೊಬ್ಬಳಿಗೆ ಕೊಟ್ಟರು. ನಿಜಕ್ಕೂ ಯಾರು ಗೆದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆರು ವರ್ಷ ಕಳೆದವು. ಒಂದು ಸಂಜೆ ಹಕ್ಕಿಗಳ ಹುಚ್ಚಿನ ರುಕ್ಸಾನಾ ಟೀಚರ್ ಜೊತೆ ಕೆರೆಗೆ ಹೋಗಿದ್ದೆವು. ಅವರು ನನ್ನನ್ನು ನೋಡಿ ನಕ್ಕೇಬಿಟ್ಟರು. "ಸರ, ಇದನ್ನ ಉಲ್ಟಾ ಹಾಕೀರಲ್ರಿ!"

"ಉಲ್ಟಾ? ಹಿಂಗs ಬಂದಿತ್ರಿ ಇದು."

ಟೀಚರ್ ನನ್ನನ್ನು ಬಿಚ್ಚಿ ಮುಂದಕ್ಕೆ ಹಾಕಿದರು. ನಾನು ಮೊದಲ ಸಲ ಎದುರು ನೋಡಿದೆ. ಅದೇ ಬಿಸಿಲು, ಅದೇ ಲೆನ್ಸು. ನಾನಿಲ್ಲದೆ ತೆಗೆದ ಚಿತ್ರ ಹಾಲು ಚೆಲ್ಲಿದಂತಿತ್ತು. ನಾನಿದ್ದು ತೆಗೆದ ಚಿತ್ರದಲ್ಲಿ ಬಾತಿನ ಕೊಕ್ಕಿನ ನೀರಹನಿಯೂ ಕಾಣುತ್ತಿತ್ತು. ಚನಮಲ್ಲಪ್ಪ ಎರಡನ್ನೂ ಬಹಳ ಹೊತ್ತು ನೋಡಿದರು. "ಅಯ್ಯೋ, ಆ ಹುಡುಗಿ..." ಎಂದರು. ನನ್ನನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದ ರಭಸಕ್ಕೆ ನನ್ನ ಕೊಕ್ಕೆ ಮುರಿಯಿತು. ಇನ್ನು ನಾನು ಯಾವ ಲೆನ್ಸಿನ ಮೇಲೂ ನಿಲ್ಲುವಂತಿರಲಿಲ್ಲ.

ಮರುದಿನ ನನ್ನನ್ನು ಜೇಬಿಗೆ ತುರುಕಿಕೊಂಡು, ಗಾಳಿ ಇಳಿದ ಸೈಕಲ್ ತಳ್ಳಿಕೊಂಡು ಹೆದ್ದಾರಿ ಪಕ್ಕದ ಒಂದು ಸೈಕಲ್ ಅಂಗಡಿಗೆ ಹೋದರು. ಗಾಲಿಯ ಕಡ್ಡಿ ಬಿಗಿಯುತ್ತಿದ್ದವಳು ಸೀತಲ್. ಓದು ಅರ್ಧಕ್ಕೇ ನಿಂತು, ಅಣ್ಣನ ಅಂಗಡಿಯಲ್ಲಿ ಕೂತಿದ್ದಳು. ಚನಮಲ್ಲಪ್ಪ ನನ್ನನ್ನು ಹಲಗೆಯ ಮೇಲಿಟ್ಟರು.

"ಏನ್ರಿ ಕಾಕಾ ಇದು?"

"ಇದು... ಅವತ್ತು, ರೇಸಿನ ದಿನ..." ಎಂದವರು ಮಾತು ತಿರುಗಿಸಿದರು. "ಏನಿಲ್ಲವ್ವ, ಮುರದೈತಿ. ಉಪಯೋಗ ಆದ್ರ ಇಟ್ಕೊ."

ಅವಳು ನನ್ನನ್ನು ಕಣ್ಣಿಗೆ ಹಿಡಿದು ರಸ್ತೆಯತ್ತ ನೋಡಿದಳು. "ಕಾಕಾ, ಇದ್ರಾಗ ನೋಡಿದ್ರ ಬಿಸಲು ಕಣ್ಣಿಗೆ ಬಡ್ಯಂಗೇ ಇಲ್ರಿ! ಎಷ್ಟ್ ಚಂದ ಕಾಣ್ತೈತಿ!"

ಚನಮಲ್ಲಪ್ಪ ಗಾಳಿ ಹಾಕಿಸದೆಯೇ ಸೈಕಲ್ ತಳ್ಳಿಕೊಂಡು ಹೋದರು. ಮತ್ತೆ ಆ ಕಡೆ ಬಂದಿಲ್ಲ.

ಈಗ ನಾನು ಒಂದು ಡಬ್ಬಿ ಮುಚ್ಚಳದ ಮೇಲೆ ಕೂತು ಸೈಕಲ್ಲಿನ ಉಕ್ಕಿನ ಗುಂಡುಗಳನ್ನು ಕಾಯುತ್ತೇನೆ. ಸಂಜೆ ಅಭ್ಯಾಸದ ಹುಡುಗಿಯರು ಆ ರಸ್ತೆಯಲ್ಲಿ ಬರುತ್ತಾರೆ. ಆಗ ಸೀತಲ್ ಗುಂಡುಗಳನ್ನು ಸುರಿದು ನನ್ನನ್ನು ಕಣ್ಣಿಗೆ ಹಿಡಿಯುತ್ತಾಳೆ. ನಾನು ಸರಿಯಾಗಿ ನೆರಳು ಕೊಡುತ್ತೇನೆ. ಯಾರ ಗಾಲಿ ಮುಂದಿದೆಯೆಂದು ಅವಳು ಒಂದೇ ನೋಟಕ್ಕೆ ಹೇಳುತ್ತಾಳೆ. ಒಮ್ಮೆಯೂ ತಪ್ಪಿಲ್ಲ.